ನಾನು ಅಲಾರಂ ಆಕಿದ ವ್ಯಾನು

ಬೇರೆ ಅಂಗಡೀಲಿ ಗಾಡಿಗೆ ಅಲಾರಂ ಆಕ್ತಾರೆ, ಗಾಡಿ ಓಯ್ತದೆ, ಅಲ್ಲಿಗೆ ಮುಗೀತು. ನನ್ ಅಂಗಡೀಲಿ ಅಂಗಲ್ಲ. ಗಾಡಿ ಆಚೆಗ್ ಓದ್ಮೇಲೇ ಒಂದಲ್ಲ ಒಂದು ತಮಾಷೆ ಶುರುವಾಗೋದು. ಯಾಕಂದ್ರೆ ಬೇರೆಯೋರು ಆಕಿದ್ದು ಕೆಟ್ಟೋಯ್ತದೆ, ನಾನ್ ಆಕಿದ್ದು ಕೆಡೋದೇ ಇಲ್ಲ. ತೊಂದ್ರೆ ಎಲ್ಲಾ ಅಲ್ಲೇ ಇರೋದು.

ಸರ್ಜಾಪುರ ರೋಡಲ್ಲಿ ಗಾಡಿ ಎಲೆಕ್ಟ್ರಿಷಿಯನ್ ಯಾರು ಅಂತ ಯಾವ ಡ್ರೈವರ್ನಾದ್ರೂ ಕೇಳಿ, ನನ್ ಕಡೆಗೇ ಕೈ ತೋರಿಸ್ತಾನೆ. ಇಸ್ಕೂಲು ನನಗೆ ಒಗ್ಗಲಿಲ್ಲ, ಮೂರ್ನೇ ಕ್ಲಾಸಿಗೇ ಬಿಟ್ಬಿಟ್ಟೆ. ಆದ್ರೆ ಡ್ಯಾಶ್‌ಬೋರ್ಡ್ ಒಳಗೆ ಕೈ ಬಿಟ್ಟೆ ಅಂದ್ರೆ ಯಾವ ವೈರು ಎಲ್ಲಿಗೆ ಓಯ್ತದೆ ಅಂತ ಬೆರಳೇ ಮಾತಾಡ್ತದೆ.

ನಮ್ಮ ಪಕ್ಕದೂರಲ್ಲಿ ಗೌಡ್ರು ಒಬ್ರು ಅವ್ರೆ. ಅವರಪ್ಪ ರಾಗಿ ಬಿತ್ತಿದ್ದ ಒಲದಲ್ಲಿ ಈಗ ಬಾಡಿಗೆ ಬಿಲ್ಡಿಂಗು. ಬಿಲ್ಡಿಂಗ್ ಮುಂದಿನ ಬಯಲಲ್ಲಿ ಸಾಲಾಗಿ ಏಳು ಸೀಟಿನ ವ್ಯಾನು. ಎಲೆಕ್ಟ್ರಾನಿಕ್ ಸಿಟಿ ಕಂಪ್ನಿಯೋರನ್ನ ಕರ್ಕೊಂಡೋಗಿ ಕರ್ಕೊಂಡ್ಬರೋ ವ್ಯಾನು. ಒಂದಿನ ಯಾವನೋ ಬಂದು ಬಾಗ್ಲು ಮೀಟಿ, ಬ್ಯಾಟರಿ, ಸ್ಟೀರಿಯೋ ಎಲ್ಲಾ ಬಿಚ್ಕೊಂಡು ಓದ. ಗೌಡ್ರು ನನ್ನನ್ನ ಕರೆಸಿದ್ರು.

"ಅಣ್ಣಾ, ಎಲ್ಲಾ ವ್ಯಾನ್‌ಗೂ ಅಲಾರಂ ಬೇಕು. ರಿಮೋಟ್ ಒತ್ತಿದ್ರೆ ದೂರದಿಂದ್ಲೇ ಇಂಜಿನ್ ಸ್ಟಾರ್ಟ್ ಆಗ್ಬೇಕು, ಮೇಡಂಗಳು ಅತ್ತೋ ಒತ್ಗೆ ಏಸಿ ತಣ್ಣಗಿರ್ಬೇಕು. ಬ್ರೂಕ್‌ಫೀಲ್ಡ್ ಕಡೆ ಗಾಜಿನ ಬಾಗ್ಲು ಇರೋ ಅಂಗಡಿಯೋನೊಬ್ಬ ನಾನ್ ಆಕ್ತೀನಿ ಅಂತವ್ನೆ."

"ಗಾಜಿನ ಬಾಗ್ಲಿಂದ ಅಲಾರಂ ಕೂಗ್ತದಾ ಗೌಡ್ರೇ?"

"ಅದಕ್ಕೇ ಮೊದ್ಲು ಒಂದೇ ಗಾಡಿಗೆ ನೀನು ಆಕು. ಆಯುಧಪೂಜೆ ತನಕ ನೋಡ್ತೀನಿ. ಒಂದು ಕಂಪ್ಲೇಂಟೂ ಬರ್ಲಿಲ್ಲ ಅಂದ್ರೆ ಎಲ್ಲಾ ನಿಂದೇ. ಬಂತು ಅಂದ್ರೆ ಅವನಿಗೆ."

ಅಂಗೆ ಆ ಒಂದು ವ್ಯಾನಿನ ಮೇಲೆ ನನ್ ಎಸರೇ ನಿಂತ್ಬಿಡ್ತು.

ಮಾತು ಕೇಳೋ ಗಾಡಿ

ಆ ವ್ಯಾನಿನ ಡ್ರೈವರ್ ಕಲಬುರಗಿ ಕಡೆಯೋನು. ಒಳ್ಳೇ ಮನ್ಷ, ಆದ್ರೆ ಸೋಕಿ ಜಾಸ್ತಿ. ರಿಮೋಟ್ ಕೈಗೆ ಸಿಕ್ಕಿದ್ದೇ ತಡ, ಟೀ ಅಂಗಡಿ ಮುಂದೆ ಒಂದು ಆಟ ಕಟ್ಟಿಬಿಟ್ಟ. ರಿಮೋಟು ಜೇಬಲ್ಲಿ, ಕೈ ಜೇಬಲ್ಲಿ. ರೋಡಾಚೆ ನಿಂತಿರೋ ವ್ಯಾನ್ ಕಡೆ ತಿರುಗಿ, "ಏ ತಮ್ಮಾ, ಚಾಲೂ ಆಗು!" ಅನ್ನೋದು. ವ್ಯಾನು ಗುರ್ ಅನ್ನೋದು. ಬೇರೆ ಡ್ರೈವರ್‌ಗಳು ಟೀ ಲೋಟ ಕೆಳಗಿಟ್ಟು ನೋಡೋರು. "ಅದಕ್ಕ ನನ್ನ ದನಿ ಗುರ್ತದ್ರೀ" ಅನ್ನೋದು ಇವನು. ನನ್ ಕೆಲಸಕ್ಕೆ ಇವನಿಗೆ ಮರ್ಯಾದೆ!

ಒಂದಿನ ಓಡ್ಬಂದ. "ಯಜಮಾನ್ರ, ನಿಮ್ಮ ಮಷಿನ್ ಕೆಟ್ಟದ್ರೀ. ತಮ್ಮಾ ತಮ್ಮಾ ಅಂತ ಒದರಿ ಒದರಿ ಗಂಟಲಾ ಹರೀತು, ಮಿಸುಕಲಿಲ್ಲ. ಮಂದಿ ಮುಂದ ಮರ್ಯಾದಿ ಹೋತ್ರೀ. ಸಾಹುಕಾರ್ರಿಗೆ ಹೇಳೂದಾ?"

ಸಾಹುಕಾರ್ರು ಅಂದ್ರೆ ಗೌಡ್ರು. "ಬಾಯ್ಮುಚ್ಕೊಂಡ್ ನಡಿ" ಅಂತ ಓಗಿ ನೋಡಿದ್ರೆ ಗಾಡಿ ಗೇರಲ್ಲಿ ಐತೆ, ಹಿಂದಿನ ಚಕ್ರಕ್ಕೆ ದಪ್ಪಂದೊಂದು ಕಲ್ಲು ಕೊಟ್ಟವ್ನೆ.

"ಮೊನ್ನೆ ತನಕ ಎಳೀತಿದ್ದಲ್ಲಾ, ಇವತ್ತು ಹ್ಯಾಂಡ್ ಬ್ರೇಕ್ ಯಾಕ್ ಎಳ್ದಿಲ್ಲ?"

"ಅದು ಎಮರ್ಜನ್ಸಿಗ್ರೀ. ದಿನಾ ಎಳದ್ರ ಸವೀತದ."

ನೋಡಿ, ಇಲ್ಲೇ ನನ್ ತಲೆ ಇರೋದು. ಗೇರಲ್ಲಿರೋ ಗಾಡಿ ದೂರದಿಂದ ಸ್ಟಾರ್ಟ್ ಆದ್ರೆ ಎಗರಿಕೊಂಡು ಟೀ ಅಂಗಡಿ ಒಳಕ್ಕೇ ನುಗ್ತದೆ. ಅದಕ್ಕೇ ನಾನು ಗೇರು ನ್ಯೂಟ್ರಲ್ ಇರ್ಬೇಕು, ಹ್ಯಾಂಡ್ ಬ್ರೇಕ್ ಎಳೆದಿರ್ಬೇಕು, ಆಗ್ಲೇ ಸ್ಟಾರ್ಟ್ ಆಗೋ ಅಂಗೆ ಕಟ್ಟಿದ್ದೆ. "ಕೆಟ್ಟಿಲ್ಲ ಕಣಯ್ಯಾ, ನಿನ್ ಜೀವ ಕಾಯ್ತೈತೆ" ಅಂದೆ. ಅರ್ಥ ಆಯ್ತು ಅವನಿಗೆ. ಕಂಪ್ಲೇಂಟೂ ಇಲ್ಲ, ಏನೂ ಇಲ್ಲ. ದಿನಾ ಬ್ರೇಕ್ ಎಳೆಯೋದು ಕಲ್ತ.

ಎರಡು ದಿನ ಬಿಟ್ಟು ನೋಡಿದ್ರೆ, ಆ ಕಲ್ಲು ವ್ಯಾನೊಳಗೆ ಮುಂದಿನ ಸೀಟಲ್ಲಿ ಕೂತೈತೆ. "ಇದ್ಯಾಕಯ್ಯಾ ಇಲ್ಲಿ?" ಅಂದೆ.

"ಮೊದಲ್ನೇ ಗಾಡಿಯಿಂದ ನನ್ನ ಜೋಡಿ ಅದರೀ. ಕೆಲಸ ಇಲ್ಲಂತ ಬಿಟ್ಟು ಬರ್ಲಿಕ್ಕಾಗ್ತದೇನ್ರೀ?" ಅಂದ. ಬೆಲ್ಟು ಬೇರೆ ಆಕಿದ್ದ ಅದಕ್ಕೆ.

ಸಂಡಿಗೆ

ಆಮೇಲೆ ಗೌಡ್ರದೇ ಫೋನು. "ಅಣ್ಣಾ, ಗಾಡಿ ನಮ್ಮನೆ ಮುಂದೆ ನಿಂತ್ರೆ ಸಾಕು, ಮಟ ಮಟ ಮಧ್ಯಾಹ್ನ ಕೂಗ್ತೈತೆ. ಬಾಡಿಗೆಯೋರು ಬಯ್ತಾವ್ರೆ. ಇದನ್ನ ಕಂಪ್ಲೇಂಟ್ ಅನ್ಲಾ?"

"ನಾನ್ ಬಂದ್ ನೋಡೋ ತನಕ ಏನೂ ಅನ್ಬ್ಯಾಡಿ."

ಓಗಿ ಮರದ ನೆರಳಲ್ಲಿ ಕೂತೆ. ಸ್ವಲ್ಪ ಒತ್ತಿಗೆ ಗೌಡ್ರ ತಾಯಿ ಬಂದ್ರು. ನಾವೆಲ್ಲಾ ದೊಡ್ಡವ್ವ ಅಂತೀವಿ, ಊರೇ ಎದರ್ತದೆ ಅವರಿಗೆ. ಒಂದು ಹಳೇ ಪಂಚೆ ತಂದು ವ್ಯಾನಿನ ಬಾನೆಟ್ ಮೇಲೆ ಆಸಿದ್ರು. ವ್ಯಾನು ಕುಂಯ್ಯೋ ಕುಂಯ್ಯೋ ಅಂತು. ದೊಡ್ಡವ್ವ ಸೊಂಟದ ಮೇಲೆ ಕೈ ಇಟ್ಕೊಂಡು, ಅದು ಕೂಗಿ ಮುಗಿಸ್ಲಿ ಅಂತ ಕಾದ್ರು. ಮುಗೀತು. ಸಂಡಿಗೆ ಇಡಕ್ಕೆ ಶುರು ಮಾಡಿದ್ರು.

"ದೊಡ್ಡವ್ವಾ, ಗಾಡಿ ಮೇಲೆ ಯಾಕೆ?" ಅಂದೆ.

"ತಗಡು ಚೆಂದಾಗ್ ಕಾಯ್ತದೆ ಕಣಪ್ಪಾ. ಜಲ್ದಿ ಒಣಗ್ತದೆ."

"ಮುಟ್ಟಿದ್ರೆ ಕೂಗ್ತದಲ್ಲಾ. ತಡ್ಕಳಿ, ಕೂಗೋದು ಕಮ್ಮಿ ಮಾಡ್ತೀನಿ."

"ಮುಟ್ಟಿದ್ರೆ ಕೈ ಮುರೀತೀನಿ! ಕಾಗೆ ಕೂತ ತಕ್ಷಣ ಕೂಗ್ತದೆ, ಎದರ್ಕೊಂಡು ಓಡೋಯ್ತವೆ. ಈ ವರ್ಷ ಒಂದು ಸಂಡಿಗೇನೂ ಕಾಗೆ ಬಾಯಿಗೆ ಓಗಿಲ್ಲ."

ಗೌಡ್ರು ಬಾಗ್ಲಲ್ಲಿ ನಿಂತು ಎಲ್ಲಾ ಕೇಳಿಸ್ಕೊಂಡ್ರು. ಅವ್ವನ ಮೇಲೆ ಕಂಪ್ಲೇಂಟ್ ಮಾಡೋ ಧೈರ್ಯ ಅವರಪ್ಪನಿಗೇ ಇರಲಿಲ್ಲ, ಇವರಿಗೆ ಎಲ್ಲಿಂದ ಬರ್ತದೆ? ಸುಮ್ನೆ ಒಳಗೋದ್ರು. ನಾನ್ ಎದ್ದು ಒಂಟಾಗ ದೊಡ್ಡವ್ವ ಕೂಗಿದ್ರು:

"ಏನಪ್ಪಾ, ವ್ಯಾನಿಲ್ದೆ ಬರೀ ಕೂಗೋದೊಂದು ಇದ್ರೆ ತಂದ್ಕೊಡು. ತಾರಸಿ ಮೇಲೆ ಅಪ್ಪಳ ಆಕ್ಬೇಕು."

ಆಯುಧಪೂಜೆ

ಬಂತು ಆ ದಿನ. ವ್ಯಾನೆಲ್ಲಾ ತೊಳೆದು ಸಾಲಾಗಿ ನಿಲ್ಸಿ, ಬಾಳೆಕಂದು ಕಟ್ಟಿದ್ರು. ನನ್ ವ್ಯಾನಿಗೆ ಎಲ್ಲಕ್ಕಿಂತ ದೊಡ್ಡ ಆರ. ಗಾಜಿನ ಬಾಗ್ಲಿನವನೂ ಇಸ್ತ್ರಿ ಸರ್ಟು ಆಕ್ಕೊಂಡು ಬಂದಿದ್ದ. "ಏನ್ ಅಂಕಲ್, ಕಂಪ್ಲೇಂಟ್ ಏನೂ ಇಲ್ವಾ?" ಅಂತ ಅಲ್ಲುಗಿಂಜಿದ. "ಪೂಜೆ ಮುಗೀಲಿ, ಗೊತ್ತಾಗ್ತದೆ" ಅಂದೆ.

ದೊಡ್ಡವ್ವ ದೊಡ್ಡ ತಟ್ಟೆ ಇಡ್ಕೊಂಡು ಬಂದ್ರು. ಎಲ್ಲಾ ಗಾಡಿ ಕೀ, ಸ್ಪೇರ್ ಕೀ, ರಿಮೋಟು, ಜಾಕಿ, ಸ್ಪಾನರು, ಎಲ್ಲಾ ದೇವಿ ಪಟದ ಮುಂದೆ. ಡೋರೆಲ್ಲಾ ಲಾಕು. ನನ್ ಜೇಬಿಗೂ ಕೈ ಆಕಿ ಟೆಸ್ಟರು, ಕಟಿಂಗ್ ಪ್ಲೇರು ಎಳ್ಕೊಂಡ್ರು. "ಇದೂ ಆಯುಧ ಅಲ್ವೇನಪ್ಪಾ?" ಅರಿಶಿನ ಕುಂಕುಮ ಬಿತ್ತು. ನಾಳೆ ಬೆಳಿಗ್ಗೆ ತನಕ ಆಯುಧಕ್ಕೆ ರಜ, ಯಾರೂ ಮುಟ್ಟಂಗಿಲ್ಲ.

ತಮಟೆ ಶುರುವಾಯ್ತು. ನಮ್ಮ ಕಲಬುರಗಿ ಡ್ರೈವರ್ ಬೂದುಗುಂಬಳಕಾಯಿ ಎತ್ತಿ, ನನ್ ವ್ಯಾನಿನ ಮೂತಿ ಮುಂದೆ ದಪ್ ಅಂತ ಒಡೆದ. ಅಷ್ಟೇ. ಕುಂಯ್ಯೋ ಕುಂಯ್ಯೋ, ಟೊಂಯ್ ಟೊಂಯ್, ಪೀಂ ಪೀಂ. ನಿಂತಂಗೆ ಆಯ್ತದೆ, ತಮಟೆ ಬಿದ್ದೇಟ್ಗೆ ಮತ್ತೆ ಇಡ್ಕೋತದೆ. ಗೌಡ್ರು ತಟ್ಟೆ ಕಡೆ ಓಡಿದ್ರು.

"ಮುಟ್ಟಿದ್ರೆ ನೋಡು!" ದೊಡ್ಡವ್ವ ಅಡ್ಡ ನಿಂತ್ರು.

"ಅವ್ವಾ, ಕಿವಿ ಓಯ್ತೈತೆ!"

"ಓಗ್ಲಿ! ಪೂಜೆಗಿಟ್ಟಿದ್ದು ಪೂಜೆಗೇ!"

ಗೌಡ್ರು ನನ್ ಕಡೆ ತಿರುಗಿದ್ರು, ಕಣ್ಣು ಕೆಂಪಗೆ. "ನಿಲ್ಸಣ್ಣಾ!" ಆಫ್ ಮಾಡೋ ಸ್ವಿಚ್ಚನ್ನ ಡ್ಯಾಶ್‌ಬೋರ್ಡ್ ಕೆಳಗೆ ಕಳ್ಳನಿಗೆ ಸಿಗದಂಗೆ ಬಚ್ಚಿಟ್ಟಿದ್ದೆ. ಆದ್ರೆ ಡೋರು ಲಾಕು, ಕೀ ದೇವಿ ಅತ್ರ, ನನ್ ಪ್ಲೇರೂ ದೇವಿ ಅತ್ರ. ಬರಿಗೈಯಲ್ಲಿ ನಿಂತೆ. ಎಲ್ಲಾ ವ್ಯಾನೂ ಕೈ ಬಿಟ್ಟೋಯ್ತು ಅಂದ್ಕೊಂಡೆ.

ಗಾಜಿನ ಬಾಗ್ಲಿನವನು ಇದೇ ಟೈಮು ಅಂತ ಮುಂದೆ ಬಂದ. "ಸಾರ್, ನಮ್ದಾದ್ರೆ ಫೋನಲ್ಲೇ ಆಫ್ ಮಾಡ್ಬೋದು, ತೋರಿಸ್ತೀನಿ ನೋಡಿ" ಅಂತ ಫೋನ್ ತೆಗೆದ.

ದೊಡ್ಡವ್ವ ಕೇಳಿದ್ರು, "ಅದ್ರಲ್ಲೇನಪ್ಪಾ ನೀನ್ ಕೆಲಸ ಮಾಡೋದು?"

"ಊಂ ಅಜ್ಜಿ, ಎಲ್ಲಾ ಇದ್ರಲ್ಲೇ."

"ಅಂಗಾದ್ರೆ ಕೊಡು ಇಲ್ಲಿ." ಕಿತ್ಕೊಂಡು ತಟ್ಟೇಲಿಟ್ಟು, ಸ್ಕ್ರೀನ್ ತುಂಬಾ ಕುಂಕುಮ ಬಳಿದ್ರು. ಅವನು ಬಾಯಿ ಬಿಟ್ಕೊಂಡು ನನ್ ಪಕ್ಕ ಬಂದು ನಿಂತ. ಇಬ್ರೂ ಬರಿಗೈ.

ಪೂಜಾರಿ ಮಂಗಳಾರತಿ ಎತ್ತಿದ್ರು. ಗಂಟೆ ಕೇಳಿಸ್ಲೇ ಇಲ್ಲ, ವ್ಯಾನ್ ಕೂಗಿಗೇ ತಟ್ಟೆ ತಿರುಗಿಸಿದ್ರು. ಆರತಿ ಮುಗೀತು, ತಮಟೆ ನಿಂತೋಯ್ತು, ವ್ಯಾನೂ ಸುಮ್ಮನಾಯ್ತು. ಒಂದು ಸಲನೂ ತೊದಲಿಲ್ಲ ಕಣ್ರೀ ನನ್ ವೈರಿಂಗು!

ಗೌಡ್ರು ಬೆವರು ಒರೆಸ್ಕೊಂಡು ಅತ್ರ ಬಂದ್ರು. ನಾನು ಬೈಗುಳಕ್ಕೆ ರೆಡಿಯಾದೆ.

"ಅಣ್ಣಾ, ಗಾಡಿ ಓನರ್ ನಾನು, ಆಕಿದೋನು ನೀನು. ಇಬ್ರಿಗೂ ಇದರ ಬಾಯಿ ಮುಚ್ಚಿಸಕ್ಕಾಗ್ಲಿಲ್ಲ. ಕಳ್ಳನಪ್ಪನ ಕೈಲೂ ಆಗಲ್ಲ. ನಾಳೆಯಿಂದ ಎಲ್ಲಾ ವ್ಯಾನ್‌ಗೂ ಆಕು."

ನಾನು ಎದೆ ಉಬ್ಬಿಸಿ, ಗಾಜಿನ ಬಾಗ್ಲಿನವನ ಕಡೆ ಒಂದು ನೋಟ ಬಿಟ್ಟೆ. ಅಷ್ಟೊತ್ತಿಗೆ ದೊಡ್ಡವ್ವ ಪ್ರಸಾದ ಕೊಡ್ತಾ ಅಂದ್ರು:

"ಆಕಪ್ಪಾ, ಬ್ಯಾಡ ಅನ್ನಲ್ಲ. ಆದ್ರೆ ಒಂದೊಂದು ಒಂದೊಂದು ಸಲ ಕೂಗಂಗಿಲ್ಲ. ಬರೋ ವರ್ಷ ಪೂಜಾರಿ ಆರತಿ ಎತ್ತಿದ್ ತಕ್ಷಣ ಎಲ್ಲಾ ಒಟ್ಟಿಗೇ ಕೂಗ್ಬೇಕು. ತಮಟೆಯೋರಿಗೆ ಬರಬ್ಯಾಡಿ ಅಂತ ಈಗ್ಲೇ ಯೋಳ್ಬಿಡ್ತೀನಿ."