ಪಿಟೀಲಿಗೆ ಹೆದರಿದ ಕಾರು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಉಗುರಿನಷ್ಟಗಲದ ಒಂದು ನೀಲಿ ಫ್ಯೂಸು. ಭಾನುವಾರ ಬೆಳಿಗ್ಗೆ ಅದು ಕಾರಿನಲ್ಲಿರಬೇಕಾದ ಜಾಗದಲ್ಲಿರದೆ ಅಂಚೆ ಗುಮಾಸ್ತರ ಅಂಗಿಯ ಜೇಬಿನಲ್ಲಿತ್ತು. ಅದನ್ನು ಅಲ್ಲಿಗೆ ಸಾಗಿಸಿದವರೂ ಗುಮಾಸ್ತರೇ.

ಗುಮಾಸ್ತರು ಕೆಟ್ಟವರಲ್ಲ. ಆದರೆ ಹೆಂಡತಿಯ ಅಣ್ಣ ಕೆಲಸದಿಂದ ನಿವೃತ್ತರಾದ ಮೇಲೆ ಪಿಟೀಲು ಕಲಿಯತೊಡಗಿದ್ದರು. ಕಲಿತಷ್ಟನ್ನೂ ತಂಗಿ ಮತ್ತು ತಂಗಿಯ ಗಂಡನನ್ನು ಕರೆಸಿ, ಎದುರಿಗೆ ಕೂರಿಸಿಕೊಂಡು ನುಡಿಸುತ್ತಿದ್ದರು. ಹೋದ ಸಲ ಊಟಕ್ಕೆ ಮೊದಲು ಶುರುವಾದದ್ದು ಮುಗಿದದ್ದು ದೀಪ ಹಾಕುವ ಹೊತ್ತಿಗೆ. ಎಣ್ಣೆ ಕಾಣದ ಬಾಗಿಲು ಗಾಳಿಗೆ ಹೊಯ್ದಾಡಿದಂತಿದ್ದ ಆ ನಾದ ಗುಮಾಸ್ತರ ಕಿವಿಯಲ್ಲಿ ಬುಧವಾರದವರೆಗೂ ಉಳಿದು, ಕೌಂಟರಿನಲ್ಲಿ ಒಬ್ಬರು ಕೇಳಿದ ಸ್ಟಾಂಪನ್ನು ಇನ್ನೊಬ್ಬರಿಗೆ ಕೊಟ್ಟಿದ್ದರು. ಇವತ್ತು ಮತ್ತೆ ಕರೆ ಬಂದಿತ್ತು. ತಾವೇ ಬರುವುದಿಲ್ಲವೆಂದರೆ ಹೆಂಡತಿ ನೊಂದುಕೊಳ್ಳುತ್ತಾರೆ. ಕಾರೇ ಬರುವುದಿಲ್ಲವೆಂದರೆ ಯಾರು ಯಾರನ್ನು ದೂರುವುದು? ಅಣ್ಣನ ಮನೆ ಊರಾಚೆ. ಭಾನುವಾರ ಅತ್ತ ಬಸ್ಸೂ ಇರಲಿಲ್ಲ.

ಹೆಂಡತಿ ಸಿದ್ಧರಾಗಿ ಬಂದು ಪಕ್ಕದಲ್ಲಿ ಕೂತರು. ಗುಮಾಸ್ತರು ಕೀಲಿ ತಿರುಗಿಸಿದರು. ಕಾರು ಕೆರ್ ಕೆರ್ ಕೆರ್ ಎಂದು ಹಳೆಯ ಕೆಮ್ಮಿನ ರೋಗಿಯಂತೆ ಕೆಮ್ಮಿ ಸುಮ್ಮನಾಯಿತು.

"ಏನಾಯ್ತು ರೀ?"

"ಯಾಕೋ ಹತ್ಕೊಳ್ತಾನೇ ಇಲ್ಲ ಕಣೇ. ಹೋಗ್ಲಿ ಬಿಡು, ಬರಕ್ಕಾಗಲ್ಲ ಅಂತ ಭಾವಂಗೆ ಒಂದು ಫೋನ್ ಮಾಡಿಬಿಡೋಣ."

"ಪಾಪ ಅಣ್ಣ..." ಎಂದು ಹೆಂಡತಿ ಅನ್ನುವಷ್ಟರಲ್ಲಿ ಪಕ್ಕದ ಮನೆಯ ಗೋಡೆಯ ಮೇಲೆ ಮೇಷ್ಟರ ತಲೆ ಮೂಡಿತು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಕೆಟ್ಟ ವಸ್ತು ಕಂಡರೆ ಅವರಿಗೆ, ಅಳುವ ಮಗು ಕಂಡ ಅಜ್ಜಿಯ ಹಾಗೆ, ಎತ್ತಿಕೊಳ್ಳದೆ ಇರಲಾಗುತ್ತಿರಲಿಲ್ಲ.

"ಎಂಜಿನ್ ತಿರುಗ್ತಿದೆ, ಹತ್ಕೊಳ್ತಿಲ್ಲ. ಅಂದ್ರೆ ಬ್ಯಾಟರಿದು ತಪ್ಪಿಲ್ಲ. ಪೆಟ್ರೋಲೇ ಮೇಲಕ್ಕೆ ಬರ್ತಿಲ್ಲ ಅನ್ಸತ್ತೆ. ತಾಳಿ, ಬಂದೆ!"

"ಬೇಡಿ ಸಾರ್, ಭಾನುವಾರ ಬೇರೆ. ನಿಮಗ್ಯಾಕೆ ತೊಂದರೆ?"

"ತೊಂದರೆ ಎಂಥದ್ದು ರೀ? ನಾನು ಆಸ್ಪತ್ರೇಲಿ ಮಲಗಿದ್ದಾಗ ನಮ್ಮನೆಯೋಳಿಗೆ ದಿನಾ ಊಟ ತಂದುಕೊಟ್ಟೋರು ಯಾರು? ನೀವಿಬ್ಬರು ತಾನೆ? ಬಾನೆಟ್ ತೆಗೀರಿ!"

ಮಾಡಿದ ಉಪಕಾರ ಹೀಗೆ ತಿರುಗಿ ಬಂದು ಕತ್ತು ಹಿಡಿಯುತ್ತದೆಂದು ಗುಮಾಸ್ತರು ಎಣಿಸಿರಲಿಲ್ಲ. ಬಾನೆಟ್ ತೆಗೆದ ಸದ್ದಿಗೆ ಎದುರು ಮನೆಯ ಕಾಂಪೌಂಡರೂ ಬಂದರು, ಕೊರಳಲ್ಲಿ ಸ್ಟೆತಸ್ಕೋಪು ಸಮೇತ.

"ಕೀಲಿ ತಿರುಗಿಸಿದ ಕೂಡಲೇ ಹಿಂದಿನ ಸೀಟಿನ ಕೆಳಗಡೆ ಪಂಪು ಗುಂಯ್ ಅನ್ಬೇಕು. ಕೇಳಿ ನೋಡಿ," ಎಂದರು ಮೇಷ್ಟ್ರು.

ಕಾಂಪೌಂಡರು ಸೀಟಿಗೆ ಸ್ಟೆತಸ್ಕೋಪು ಒತ್ತಿ, ಕಣ್ಣು ಮುಚ್ಚಿ ಆಲಿಸಿದರು. ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ಆಲಿಸಿದರು. ಆಮೇಲೆ ನಿಧಾನವಾಗಿ ತಲೆಯಾಡಿಸಿದರು. "ಇಲ್ಲ ಸಾರ್. ನಮ್ಮ ಆಸ್ಪತ್ರೆ ಆಗಿದ್ರೆ ಇಷ್ಟು ಹೊತ್ತಿಗೆ ಮನೆಯವರನ್ನ ಒಳಗೆ ಕರೀತಿದ್ರು."

ಮೇಷ್ಟ್ರು ಅಷ್ಟಕ್ಕೆ ಬಿಡುವವರೇ? ಹಿಂದಿನ ಬೀದಿಯ ಗ್ಯಾರೇಜಿನವರನ್ನು ನಿದ್ದೆಯಿಂದ ಎಬ್ಬಿಸಿ, ಪೆಟ್ರೋಲಿನ ಒತ್ತಡ ಅಳೆಯುವ ಗೇಜು ಕೇಳಿ ತಂದು ಎಂಜಿನ್ನಿನ ಕೊಳವೆಗೆ ಸಿಕ್ಕಿಸಿದರು. ಗುಮಾಸ್ತರು ಕೀಲಿ ತಿರುಗಿಸಿದರು. ಗೇಜಿನ ಮುಳ್ಳು ಸರ್ಕಾರಿ ಕಡತದಂತೆ ಇದ್ದಲ್ಲಿಂದ ಕದಲಲಿಲ್ಲ.

"ಒತ್ತಡ ಸೊನ್ನೆ!" ಎಂದರು ಮೇಷ್ಟ್ರು, ಪಾಸಾದ ಹುಡುಗನ ಸಂಭ್ರಮದಲ್ಲಿ.

"ಲೋ ಬಿಪಿ," ಎಂದರು ಕಾಂಪೌಂಡರು. "ಮನುಷ್ಯ ಆಗಿದ್ರೆ ಉಪ್ಪು ನೀರು ಕುಡಿಸಿ ನೋಡಬಹುದಿತ್ತು."

"ಫ್ಯೂಸ್ ನೋಡಿದ್ರಾ?" ಎಂದು ಮೇಷ್ಟ್ರು ತಟ್ಟನೆ ಕೇಳಿದರು.

ಗುಮಾಸ್ತರ ಕೈ ತಾನಾಗಿ ಜೇಬಿಗೆ ಹೋಯಿತು. "ಓ, ನೋಡಿದೀನಿ ಸಾರ್. ಚೆನ್ನಾಗಿದೆ." ಚೆನ್ನಾಗಿಯೇ ಇದೆಯಲ್ಲ, ಇದು ಸುಳ್ಳು ಹೇಗಾದೀತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

"ಹಾಗಾದ್ರೆ ರಿಲೇ..."

"ಬಿಸಿಲು ಏರ್ತಿದೆ ಸಾರ್," ಎಂದು ಹೆಂಡತಿ ನಡುವೆ ಬಾಯಿ ಹಾಕಿದರು. "ಹಾಳು ಕಾರಿಗೋಸ್ಕರ ನೀವ್ಯಾಕೆ ಒದ್ದಾಡ್ತೀರಿ? ಒಳಗೆ ಬನ್ನಿ, ಕಾಫಿ ಕುಡಿಯೋರಂತೆ."

ಆದರೆ ಕಾಫಿ ಆಗಲೇ ಮಹಡಿಯಿಂದ ಇಳಿದು ಬರುತ್ತಿತ್ತು. ಮೇಲಿನ ಮನೆಯಲ್ಲಿದ್ದ, ಬೀದಿಯವರೆಲ್ಲ ಮಹಡಿಯಮ್ಮ ಎಂದು ಕರೆಯುತ್ತಿದ್ದ ಹೆಂಗಸು, ಗಂಡಸರು ನೆಲದಲ್ಲಿ ಹೊರಳುವುದನ್ನು ಕಿಟಕಿಯಿಂದ ನೋಡಲಾರದೆ ತಟ್ಟೆ ಹಿಡಿದು ಬಂದಿದ್ದರು. ಕಂಕುಳಲ್ಲಿ ಮೇಷ್ಟರ ತಲೆಗೆಂದು ಒಂದು ದಿಂಬೂ ಇತ್ತು.

ಅಷ್ಟರಲ್ಲಿ ಹಿಂದಿನ ಸೀಟು ಅಂಗಳಕ್ಕೆ ಬಂದಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಮೇಷ್ಟ್ರು ದಿಂಬಿಗೆ ತಲೆ ಕೊಟ್ಟು ಕಾರಿನಡಿ ಮಲಗಿದ್ದರು. ಅವರ ಕಾಲಿನ ಮೇಲೆ ಬಿಸಿಲು ಬೀಳದಂತೆ ಕಾಂಪೌಂಡರು ಕೊಡೆ ಬಿಚ್ಚಿ ಹಿಡಿದಿದ್ದರು. ಅದನ್ನು ನೋಡಿ ಗುಮಾಸ್ತರು ಕೊಡೆಯನ್ನು ತಾವೇ ಹಿಡಿಯಲು ಕೈ ಚಾಚಿದರು. ಅಷ್ಟರಲ್ಲಿ ಅಡಿಯಿಂದ ಮೇಷ್ಟರ ದನಿ ಬಂತು: "ಟ್ಯಾಂಕೇ ಇಳಿಸಿಬಿಡೋಣ ಕಣ್ರೀ!"

ಗುಮಾಸ್ತರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಪಿಟೀಲು ಕೇಳಿದರೆ ಒಂದು ದಿನದ ಕಷ್ಟ. ಇವರು ಬಿಚ್ಚಿದ್ದನ್ನು ಮತ್ತೆ ಜೋಡಿಸುವುದು ಯಾವ ಜನ್ಮಕ್ಕೆ? ಕೀಲಿ ಹುಡುಕುವ ನೆಪದಲ್ಲಿ ಕಾರಿನೊಳಗೆ ಬಗ್ಗಿ ಫ್ಯೂಸನ್ನು ಅದರ ಜಾಗದಲ್ಲಿ ಒತ್ತಿದರು.

"ಸಾರ್, ಕೊನೇದಾಗಿ ಒಂದ್ಸಲ ನೋಡಿಬಿಡ್ತೀನಿ," ಎಂದು ಧೈರ್ಯವಾಗಿ ಕೀಲಿ ತಿರುಗಿಸಿದರು.

ಕೆರ್ ಕೆರ್ ಕೆರ್. ಮುಳ್ಳು ಸೊನ್ನೆಯಲ್ಲೇ ಇತ್ತು.

ಗುಮಾಸ್ತರು ಬೆವೆತರು. "ಸಾರ್... ಏನಾಗಿದೆ ಇದಕ್ಕೆ?"

"ಬೆಳಿಗ್ಗೆಯಿಂದ ನಾವು ಹುಡುಕ್ತಿರೋದು ಇನ್ನೇನನ್ನ ಅಂದ್ಕೊಂಡ್ರಿ?" ಎಂದರು ಮೇಷ್ಟ್ರು.

ಗುಮಾಸ್ತರು ಹೆಂಡತಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದರು. "ನಾನೇ ಫ್ಯೂಸ್ ಕಿತ್ತಿದ್ದೆ ಕಣೇ. ನಿಮ್ಮಣ್ಣನ ಪಿಟೀಲು ನನ್ನ ಕೈಲಿ ತಡ್ಕೊಳ್ಳಕ್ಕಾಗಲ್ಲ. ಈಗ ವಾಪಸ್ ಹಾಕಿದ್ರೂ ಹತ್ತಲಿಲ್ಲ. ನಾನು ಮಾಡಿದ ಪಾಪಕ್ಕೆ ಕಾರು ನಿಜವಾಗ್ಲೂ ಕೆಟ್ಟೋಯ್ತು!"

ಹೆಂಡತಿ ಸಕ್ಕರೆ ಡಬ್ಬಿಗೆ ಕೈ ಹಾಕಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಪ್ಪು ಡಬ್ಬಿಯೊಂದನ್ನು ತೆಗೆದು ಸೆರಗಿಗೆ ಒರೆಸಿದರು.

"ಇದಿಲ್ದೆ ಹೆಂಗೆ ಹತ್ತತ್ತೆ? ಪಂಪಿನ ರಿಲೇ ಇದು. ಇದು ಹೋದ್ರೆ ಪಂಪಿಗೆ ಕರೆಂಟೇ ಬರಲ್ಲ ಅಂತ ಡ್ರೈವಿಂಗ್ ಕಲಿಸಿದೋರು ಹೇಳಿದ್ರು. ನಿನ್ನೆ ಸಾಯಂಕಾಲಾನೇ ತೆಗೆದಿಟ್ಟಿದ್ದೆ."

"ನೀನಾ! ಅವರು ನಿನ್ನ ಸ್ವಂತ ಅಣ್ಣ!"

"ಅಣ್ಣ ಸ್ವಂತದೋನೇ ರೀ. ಪಿಟೀಲನ್ನೂ ಹೊತ್ತುಕೊಂಡೇ ಹುಟ್ಟಿದ್ನಾ? ಹೋದ್ಸಲ ನೀವು ಇನ್ನೊಂದು, ಇನ್ನೊಂದು ಅಂತ ಹುರಿದುಂಬಿಸಿದ್ದಕ್ಕೇ ಅಲ್ವಾ ಕತ್ತಲಾಗೋ ತನಕ ಕುಯ್ದಿದ್ದು? ನಿಮಗೆ ಇಷ್ಟ ಅಂತ ನಾನು ಬಾಯಿ ಮುಚ್ಕೊಂಡು ಕೂತಿದ್ದೆ."

"ನಿನಗೆ ಖುಷಿಯಾಗ್ಲಿ ಅಂತ ಅಂದಿದ್ದು ಕಣೇ ನಾನು!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಹೊರಗೆ ಕೇಳಿಸದಂತೆ ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ರಿಲೇ ಮತ್ತೆ ಸಕ್ಕರೆಯೊಳಗೆ ಮುಳುಗಿತು. ನೆರೆಯವರಿಗೆ ಉಪಚಾರದ ಮಾತು ಹೇಳಿ ಕಳಿಸುವುದು, ಉಂಡು ಮಲಗುವುದು ಎಂದು ತೀರ್ಮಾನವಾಯಿತು.

ಹೊರಗೆ ಬಂದರೆ ಮಹಡಿಯಮ್ಮ ಮುಖ ಅರಳಿಸಿಕೊಂಡು ಕಾದಿದ್ದರು. "ಇನ್ನು ನೀವು ಒಂದಿಷ್ಟೂ ಪೇಚಾಡ್ಬೇಡಿ. ಮುಖ ಚಿಕ್ಕದು ಮಾಡ್ಕೊಂಡು ಇಬ್ಬರೂ ಒಳಗೆ ಹೋಗಿದ್ದು ನೋಡಿ ನನ್ನ ಕರುಳು ಚುರ್ ಅಂತು. ನೀವು ಹಿಂದೆ ಕೊಟ್ಟಿದ್ದ ನಂಬರಿಗೆ ನಿಮ್ಮಣ್ಣಂಗೆ ನಾನೇ ಫೋನ್ ಮಾಡ್ದೆ ಕಣಮ್ಮ. ಆಗಲೇ ಹೊರಟು ದಾರೀಲಿದ್ದಾರಂತೆ!"

ಸ್ವಲ್ಪ ಹೊತ್ತಿನಲ್ಲೇ ಹೊಳೆಯುವ ಕಾರೊಂದು ಗೇಟಿನ ಮುಂದೆ ಸದ್ದಿಲ್ಲದೆ ನಿಂತಿತು. ಭಾವ ಪಿಟೀಲಿನ ಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿಕೊಂಡು ಇಳಿದರು. ಮೇಷ್ಟ್ರು ಮನೆಯಿಂದ ಕುರ್ಚಿಗಳನ್ನು ತಂದರು. ಕಾಂಪೌಂಡರು ಕಾರಿನ ಹಿಂದಿನ ಸೀಟಿನ ದೂಳು ಕೊಡವಿ, ಎಲ್ಲಕ್ಕಿಂತ ಮುಂದೆ ಹಾಕಿ, "ನೀವಿಬ್ಬರೂ ಇಲ್ಲಿ ಆರಾಮಾಗಿ ಕೂತ್ಕೊಳ್ಳಿ, ಬೆಳಿಗ್ಗೆಯಿಂದ ಎಷ್ಟು ಚಡಪಡಿಸಿದೀರಿ," ಎಂದು ಗಂಡ ಹೆಂಡಿರನ್ನು ಕೈಹಿಡಿದು ಕೂರಿಸಿದರು.

ಭಾವ ನುಡಿಸಿದರು. ಮೇಷ್ಟ್ರು ತೊಡೆ ತಟ್ಟಿ ತಾಳ ಹಾಕಿದರು. ಮಹಡಿಯಮ್ಮ ಕಣ್ಣೊರೆಸಿಕೊಂಡರು. ನೆರಳು ಅಂಗಳದ ಈ ಕೊನೆಯಿಂದ ಆ ಕೊನೆಗೆ ಹೋಯಿತು. ಕೊನೆಗೊಮ್ಮೆ ಕಮಾನು ಕೆಳಗಿಳಿಸಿ ಭಾವ ಅಂಗಳದವರಿಗೆಲ್ಲ ಕೈಮುಗಿದರು.

"ಎಂಥ ಜನ ಇದಾರಪ್ಪ ಇಲ್ಲಿ! ಅಲ್ಲಿ ನನ್ನ ಪಿಟೀಲು ಕೇಳೋಕೆ ನಿಮ್ಮಿಬ್ಬರನ್ನ ಬಿಟ್ರೆ ಒಂದು ನರಪಿಳ್ಳೆ ಬರಲ್ಲ. ಇನ್ಮೇಲೆ ಪ್ರತಿ ಭಾನುವಾರ ನಾನೇ ಇಲ್ಲಿಗೆ ಬಂದುಬಿಡ್ತೀನಿ. ನಿಮ್ಮ ಕಾರು ಎದ್ರೆಷ್ಟು, ಬಿಟ್ರೆಷ್ಟು?"

ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಗುಮಾಸ್ತರೂ ಅವರ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಬೇರೆ ದಾರಿ ಕಾಣದೆ, ಎಲ್ಲರಿಗಿಂತ ಜೋರಾಗಿ ತಟ್ಟಿದರು.