ಏಳೂ ದಿನ ಕ್ಯಾರೆಟ್

ನೂರು ವರ್ಷ ಬದುಕಬೇಕೆಂದು ನಾನು ತೀರ್ಮಾನಿಸಿದ್ದು ಒಂದು ಸೋಮವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ, ಅಚ್ಚುಕೂಟದ ಕರಡು ಕೋಣೆಯಲ್ಲಿ. ಆಗ ನನಗೆ ಅರವತ್ತು ತುಂಬಲು ಎರಡು ತಿಂಗಳು ಬಾಕಿಯಿತ್ತು. ಅರ್ಧಕ್ಕಿಂತ ಹೆಚ್ಚಿನ ದಾರಿಯನ್ನು ಯಾವ ತಯಾರಿಯೂ ಇಲ್ಲದೆ ಸವೆಸಿದವನಿಗೆ ಇನ್ನು ನಲವತ್ತು ವರ್ಷ ಏನು ಮಹಾ!

ಎದುರಿಗೆ ಕೂತಿದ್ದ ನಿಧಾನಪ್ಪನಿಗೆ ಇದನ್ನು ಹೇಳಿದೆ. ಅವನು ಕನ್ನಡಕ ತೆಗೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಕಿಕೊಂಡು, "ಯಾಕೆ?" ಎಂದ.

ನಿಧಾನಪ್ಪ ಎಂಬುದು ಅಚ್ಚುಕೂಟದವರು ಇಟ್ಟ ಹೆಸರು. ಇಪ್ಪತ್ತಾರು ವರ್ಷ ನಾವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತವರು. ಲೇಖಕರ ಹಸ್ತಪ್ರತಿಯನ್ನು ಅವನು ಗಟ್ಟಿಯಾಗಿ ಓದುತ್ತಿದ್ದ. ಅಚ್ಚಾಗಿ ಬಂದ ಕರಡಿನಲ್ಲಿ ನಾನು ತಪ್ಪು ತಿದ್ದುತ್ತಿದ್ದೆ. ಕೊಲೆಯ ಕಾದಂಬರಿಯನ್ನೂ ಲೆಕ್ಕದ ಪಠ್ಯವನ್ನೂ ಅವನು ಒಂದೇ ರಾಗದಲ್ಲಿ ಓದುತ್ತಿದ್ದ. ವಾಕ್ಯ ಮುಗಿದಾಗ "ಚುಕ್ಕೆ" ಎಂದು ಬಾಯಿಬಿಟ್ಟು ಹೇಳಬೇಕು, ಅದು ನಮ್ಮ ಕೆಲಸದ ಕ್ರಮ. ಮನೆಯಲ್ಲೂ ಆ ಅಭ್ಯಾಸ ಬಿಡದೆ, "ಒಂದು ಲೋಟ ನೀರು ಕೊಡು ಚುಕ್ಕೆ" ಎನ್ನುತ್ತಾನೆಂದು ಅವನ ಹೆಂಡತಿ ಹೇಳಿ ನಗುತ್ತಿದ್ದರು.

ಅವನು ತೀರಿಕೊಂಡು ಈಗ ಮೂರು ತಿಂಗಳು. ಅವನ ಬಗ್ಗೆ ಗಂಭೀರವಾಗಿ ಏನಾದರೂ ಬರೆಯಬೇಕೆಂದು ನಾಲ್ಕು ಸಲ ಕೂತೆ. ನಾಲ್ಕು ಸಲವೂ ಕ್ಯಾರೆಟ್ಟೇ ನೆನಪಾಯಿತು. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ.

ನೂರು ವರ್ಷದ ಮಾತು ಜಂಬಕ್ಕೆ ಆಡಿದ್ದು. ಒಳಗಿನ ಭಯವೇ ಬೇರೆ. ನಮ್ಮಿಬ್ಬರಿಗೂ ಒಂದೇ ತಿಂಗಳಲ್ಲಿ ಅರವತ್ತು ತುಂಬುತ್ತಿತ್ತು. ಅಚ್ಚುಕೂಟದ ಡಾಕ್ಟರರಿಂದ ಆರೋಗ್ಯ ಸರಿಯಾಗಿದೆಯೆಂಬ ಪತ್ರ ತಂದವರಿಗೆ ಇನ್ನೆರಡು ವರ್ಷ ಕೆಲಸ, ತರದವರಿಗೆ ಹೂಗುಚ್ಛ ಎಂದು ಮ್ಯಾನೇಜರು ಹೇಳಿದ್ದರು. ಹೂಗುಚ್ಛ ನನಗೇ ಗ್ಯಾರಂಟಿ ಎನಿಸಿತ್ತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಹೊಟ್ಟೆ ನನಗಿಂತ ಮೊದಲೇ ಕೋಣೆಯೊಳಗೆ ಪ್ರವೇಶಿಸುತ್ತಿತ್ತು. ನಿಧಾನಪ್ಪ ಅಲ್ಲಿ ಓದುತ್ತಿದ್ದು, ಎದುರಿಗೆ ಬೇರೆ ಯಾರೋ ಕೂತು ತಿದ್ದುವುದನ್ನು ನೆನೆಸಿಕೊಂಡರೆ ಅನ್ನ ಇಳಿಯುತ್ತಿರಲಿಲ್ಲ. ಇಳಿಯದ ಅನ್ನವೂ ಅದು ಹೇಗೋ ಹೊಟ್ಟೆ ಸೇರುತ್ತಿತ್ತು ಎನ್ನುವುದು ಬೇರೆ ಮಾತು.

ಅದೇ ಹೊತ್ತಿಗೆ, ದೇವರೇ ಕಳಿಸಿಕೊಟ್ಟಂತೆ, ಒಂದು ಪುಸ್ತಕ ಕರಡಿಗೆ ಬಂತು. ಆಹಾರತಜ್ಞೆಯೊಬ್ಬರು ಬರೆದದ್ದು. ದೇಹ ಮನಸ್ಸು ಎರಡನ್ನೂ ಹದದಲ್ಲಿಡುವ ಊಟ, ಊಟದಿಂದ ಸಿಗದ್ದನ್ನು ತುಂಬಿಕೊಡುವ ಮಾತ್ರೆಗಳು, ಪ್ರತಿ ತುತ್ತನ್ನೂ ಗಮನವಿಟ್ಟು ಮೂವತ್ತೆರಡು ಸಲ ಅಗಿಯುವ ವಿಧಾನ, ಎಲ್ಲವೂ ಅದರಲ್ಲಿತ್ತು. ತೊಂಬತ್ತನೆಯ ಪುಟದಲ್ಲಿ ಒಂದು ಪಟ್ಟಿ. ಮೇಲಿನಿಂದ ಕೆಳಗೆ ಏಳು ದಿನ, ಅಡ್ಡಕ್ಕೆ ಆಹಾರ. ಸೋಮವಾರದ ಸಾಲಿನಲ್ಲಿ ಅರ್ಧ ಕಿಲೋ ಕ್ಯಾರೆಟ್, ಒಂದು ಬಟ್ಟಲು ಕುಂಬಳ, ಎರಡು ಹೋಳು ಪಪ್ಪಾಯಿ, ಮೀನೆಣ್ಣೆಯ ಗುಳಿಗೆ ಎರಡು. ಮಂಗಳವಾರದಿಂದ ಭಾನುವಾರದವರೆಗೆ ಬಹುಪಾಲು ಚೌಕಗಳು ಖಾಲಿ.

ಪಟ್ಟಿಯಲ್ಲಿ ಖಾಲಿ ಚೌಕ! ಕರಡು ತಿದ್ದುವವನ ಕಣ್ಣಿಗೆ ಅದು ಹಲ್ಲುದುರಿದ ಬಾಯಿ ಇದ್ದಂತೆ. ಮೇಲಿನದ್ದೇ ಆದರೆ ಡಿಟ್ಟೊ ಗುರುತು ಹಾಕಬೇಕು, ಏನೂ ಇಲ್ಲವಾದರೆ ಅಡ್ಡಗೆರೆ ಎಳೆಯಬೇಕು, ಗೊತ್ತಾಗದಿದ್ದರೆ ಪಕ್ಕದಲ್ಲಿ ಪ್ರಶ್ನೆ ಬರೆದು ಲೇಖಕರಿಗೆ ಕಳಿಸಬೇಕು. ನಾನು ಡಿಟ್ಟೊ ಹಾಕತೊಡಗಿದೆ.

"ಒಂದ್ಸಲ ಕೇಳೋಣ ಕಣೋ" ಎಂದ ನಿಧಾನಪ್ಪ. "ಬೇಕಂತಲೇ ಖಾಲಿ ಬಿಟ್ಟಿರಬಹುದು."

"ಹೊಟ್ಟೆ ಖಾಲಿ ಬಿಡಿ ಅಂತ ಹೇಳೋಕೆ ಯಾರಾದ್ರೂ ಪುಸ್ತಕ ಬರೀತಾರೇನೋ?"

ಅವನು ಇದನ್ನು ಯೋಚಿಸುತ್ತಿರುವಾಗಲೇ ನಾನು ಇಪ್ಪತ್ತೆರಡು ಡಿಟ್ಟೊ ಹಾಕಿ ಮುಗಿಸಿದ್ದೆ. ಅಷ್ಟಕ್ಕೆ ನಿಲ್ಲದೆ ಆ ಪುಟದ ಇನ್ನೊಂದು ಪ್ರತಿ ತೆಗೆದು, ಅದಕ್ಕೂ ಅದೇ ಡಿಟ್ಟೊಗಳನ್ನು ಹಾಕಿ ಮನೆಗೆ ಒಯ್ದು ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ಹೆಂಡತಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. "ಇದು ಮನುಷ್ಯರಿಗೋ ಮೊಲಕ್ಕೋ?"

"ನೂರು ವರ್ಷ ಬದುಕೋ ದಾರಿ ಕಣೇ."

"ಮೊಲ ಎಷ್ಟು ವರ್ಷ ಬದುಕುತ್ತೆ ಅಂತ ವಿಚಾರಿಸಿದ್ದೀರಾ?"

ನಾನು ಕೇಳಿಸಿಕೊಳ್ಳಲಿಲ್ಲ. ಮಹಾಪುರುಷರಿಗೆ ಮನೆಯಲ್ಲಿ ಎಂದಾದರೂ ಮನ್ನಣೆ ಸಿಕ್ಕಿದ್ದುಂಟೇ? ಮರುದಿನದಿಂದ ಕ್ಯಾರೆಟ್ ತುರಿಯುವ ಕೆಲಸ ನನ್ನದೇ ಎಂದು ಅವಳು ತುರಿಮಣೆಯನ್ನು ನನ್ನ ಮುಂದಿಟ್ಟಳು. ಮೊದಲ ದಿನ ಕ್ಯಾರೆಟ್ಟಿನ ಜೊತೆ ಹೆಬ್ಬೆರಳಿನದೂ ಸ್ವಲ್ಪ ಸೇರಿತು. ಮೀನೆಣ್ಣೆಯ ಗುಳಿಗೆ ನುಂಗಿ ತೇಗಿದರೆ ಪಕ್ಕದ ಮನೆಯ ಬೆಕ್ಕು ನಮ್ಮ ಕಿಟಕಿಗೆ ಬಂದು ಕೂರುತ್ತಿತ್ತು. ತುತ್ತಿಗೆ ಮೂವತ್ತೆರಡು ಸಲ ಅಗಿಯಬೇಕಲ್ಲ, ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪಿ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಹೀಗಾಗಿ ಊಟದ ಹೊತ್ತಿನಲ್ಲಿ ನಾನು ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಮದುವೆಯಾದ ಮೇಲೆ ಇಷ್ಟು ನೆಮ್ಮದಿಯಾಗಿ ಊಟ ಮಾಡಿದ್ದೇ ಇಲ್ಲ ಎಂದು ಹೆಂಡತಿ ನಿಧಾನಪ್ಪನಿಗೆ ಹೇಳಿದಳಂತೆ.

ನಿಧಾನಪ್ಪನಾದರೋ ಈ ವಿದ್ಯೆಯನ್ನು ಹುಟ್ಟುತ್ತಲೇ ಕಲಿತು ಬಂದವನು. ಅವನ ಡಬ್ಬಿಯ ಎರಡು ಹಿಡಿ ಅನ್ನಕ್ಕೆ ಒಂದು ಗಂಟೆ ಬೇಕು. ನೀನೂ ಪಟ್ಟಿ ಹಿಡಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಆರೋಗ್ಯ ಬೇಡ ಅಂತಲ್ಲ ಕಣೋ. ಅದಕ್ಕೆ ಇಷ್ಟೊಂದು ಕೆಲಸ ಬೇಡ" ಎಂದ. ಈಗ ನೆನೆಸಿಕೊಂಡರೆ ಆ ಮಧ್ಯಾಹ್ನಗಳೇ ನನ್ನ ಬಾಳಿನ ಒಳ್ಳೆಯ ಭಾಗ ಅನಿಸುತ್ತದೆ. ಕೋಣೆಯಲ್ಲಿ ಮಸಿಯ ವಾಸನೆ, ನೆತ್ತಿಯ ಮೇಲೆ ಹಳದಿ ಬಲ್ಬು, ಗೋಡೆಯಾಚೆ ಯಂತ್ರ ಊಟದ ಬಿಡುವಿಗೆ ನಿಂತ ಮೌನ, ಮೇಜಿನ ಎರಡು ಬದಿಯಲ್ಲಿ ಎರಡು ಮುದಿ ಎತ್ತುಗಳು ಮಾತಿಲ್ಲದೆ ಮೆಲುಕು ಹಾಕುತ್ತಿರುವುದು.

ಆ ಹಳದಿ ಬಲ್ಬೇ ನನ್ನನ್ನು ಕೆಡಿಸಿದ್ದು. ಅದರ ಕೆಳಗೆ ಎಲ್ಲರೂ ಹಳದಿಯೇ; ಮನೆಯಲ್ಲಿದ್ದದ್ದೂ ಅಂಥದೇ ಬಲ್ಬು. ಐದು ವಾರದ ಬಳಿಕ ನಾವಿಬ್ಬರೂ ಡಾಕ್ಟರರ ಕೋಣೆಗೆ ಹೋದೆವು. ಬಿಳಿ ಟ್ಯೂಬಿನ ಬೆಳಕಿನಲ್ಲಿ, ಬಿಳಿ ಹಾಸಿನ ಮೇಲೆ ನಾನು ಅಂಗೈ ಚಾಚಿದಾಗ ಡಾಕ್ಟರರು ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ಕೈ ಮಾಗಿದ ಪಪ್ಪಾಯಿಯ ಬಣ್ಣಕ್ಕಿತ್ತು. ಕಾಲು ಮಡಿಸಿ ನೋಡಿದರೆ ಪಾದವೂ ಅದೇ. ಕಾಮಾಲೆ ಇರಬಹುದು, ರಕ್ತ ಪರೀಕ್ಷೆ ಆಗದೆ ಪತ್ರ ಕೊಡಲಾರೆ ಎಂದರು. ನಿಧಾನಪ್ಪನಿಗೆ ರಕ್ತದೊತ್ತಡವೂ ಸರಿ, ಸಕ್ಕರೆಯೂ ಸರಿ. ಅವನ ಪತ್ರಕ್ಕೆ ಅಲ್ಲೇ ಸಹಿ ಬಿತ್ತು.

ಸುದ್ದಿ ನನಗಿಂತ ಮೊದಲು ಅಚ್ಚುಕೂಟ ತಲುಪಿತು. ಚಹಾ ತರುವವನು ನನ್ನ ಲೋಟಕ್ಕೆ ದಾರ ಕಟ್ಟಿ ಬೇರೆ ಇಟ್ಟ. ಅಕ್ಷರ ಜೋಡಿಸುವವರು ನಾನು ಮುಟ್ಟಿದ ಹಾಳೆಯನ್ನು ಚಿಮುಟದಲ್ಲಿ ಹಿಡಿದರು. ಮನೆಯಲ್ಲಿ ಹೆಂಡತಿ ನನ್ನ ತಟ್ಟೆಯನ್ನು ಕುದಿಯುವ ನೀರಿಗೆ ಹಾಕುತ್ತ, ಕಣ್ಣು ಮಾತ್ರ ಒರೆಸಿಕೊಳ್ಳುತ್ತ, ಒಂದು ಮಾತೂ ಕುಟುಕದೆ ಇದ್ದಳು. ಅದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ಪುಸ್ತಕ ತೆರೆದೆ. ಕ್ಯಾರೆಟ್ ಯಕೃತ್ತಿಗೆ ಒಳ್ಳೆಯದು ಎಂದಿತ್ತು. ಅಂದಿನಿಂದ ಮುಕ್ಕಾಲು ಕಿಲೋ ಮಾಡಿದೆ! ನಾಲ್ಕು ದಿನದಲ್ಲಿ ಮೂಗಿನ ತುದಿಯೂ ಹಣ್ಣಾಯಿತು. ನಿಧಾನಪ್ಪ ಮಾತ್ರ ದಿನಾ ನನ್ನ ದಾರದ ಲೋಟದಲ್ಲೇ ಅರ್ಧ ಚಹಾ ಕುಡಿಯುತ್ತಿದ್ದ.

ರಕ್ತ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು. ಡಾಕ್ಟರರು ವರದಿಯನ್ನೂ ನನ್ನ ಮೂಗನ್ನೂ ಬಹಳ ಹೊತ್ತು ನೋಡಿ, ಏನು ತಿನ್ನುತ್ತೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದ ಪಟ್ಟಿ ತೋರಿಸಿದೆ. ಅವರು ನಕ್ಕು ನಕ್ಕು ಕೆಮ್ಮಿದರು. ಇದು ರೋಗವಲ್ಲ, ಕ್ಯಾರೆಟ್ ಚರ್ಮಕ್ಕೆ ಇಳಿದಿದೆ, ನಿಲ್ಲಿಸಿದರೆ ತಾನೇ ಹೋಗುತ್ತದೆ ಎಂದು ಪತ್ರಕ್ಕೆ ಸಹಿ ಮಾಡಿದರು. ಆದರೆ ಇಂಥ ಪಟ್ಟಿ ಬರೆದವರು ಯಾರೆಂದು ಕೇಳಿ ಅಚ್ಚುಕೂಟಕ್ಕೆ ಫೋನು ಮಾಡಿಬಿಟ್ಟರು.

ಮರುದಿನ ಊಟದ ಹೊತ್ತಿಗೆ ಮ್ಯಾನೇಜರು ಆಹಾರತಜ್ಞೆಯನ್ನು ಕರೆದುಕೊಂಡು ನಮ್ಮ ಕೋಣೆಗೇ ಬಂದರು. ಆ ಪುಟ ಮಾರನೆಯ ಬೆಳಿಗ್ಗೆ ಎರಡು ಸಾವಿರ ಪ್ರತಿ ಅಚ್ಚಾಗಬೇಕಿತ್ತು. ಆಕೆ ಡಿಟ್ಟೊಗಳನ್ನು ಬೆರಳಿಟ್ಟು ಎಣಿಸಿದರು. "ಖಾಲಿ ಬಿಟ್ಟ ದಿನ ಮಾಮೂಲಿ ಮನೆ ಊಟ ಸ್ವಾಮಿ. ಅಷ್ಟೇ ಇದ್ದದ್ದು" ಎಂದರು.

ಮ್ಯಾನೇಜರ ದನಿ ಏರಿತು. "ಕೇಳದೆ ತುಂಬಿಸಿದ್ದು ಯಾರು?"

ನಾನು ಎಂದು ಹೇಳಬೇಕಿತ್ತು. ಡಾಕ್ಟರರು ನಿಲ್ಲಿಸಿ ಎಂದಿದ್ದರೂ ಕೊನೆಯ ಡಬ್ಬಿ ಹಾಳಾಗಬಾರದಲ್ಲ ಎಂದು ತಂದಿದ್ದೆ; ಬಾಯಿ ತುಂಬ ಕ್ಯಾರೆಟ್ ತುರಿ, ಎಣಿಕೆ ಹತ್ತೊಂಬತ್ತರಲ್ಲಿತ್ತು. ಹೀಗೆ ಹೇಳಿಕೊಂಡು ನಾನು ಬಹಳ ವರ್ಷ ಸಮಾಧಾನಪಟ್ಟಿದ್ದೇನೆ. ನಿಜ ಹೇಳಬೇಕೆಂದರೆ ಇಪ್ಪತ್ತಕ್ಕೇ ನುಂಗಬಹುದಿತ್ತು. ನಾನು ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಅಗಿಯುತ್ತಲೇ ಇದ್ದೆ.

ಬದುಕಿನಲ್ಲಿ ಯಾವುದಕ್ಕೂ ಅವಸರಪಡದ ನಿಧಾನಪ್ಪ ಕನ್ನಡಕವನ್ನೂ ಒರೆಸದೆ ಥಟ್ಟನೆ ಹೇಳಿದ. "ನಾನೇ ಸಾರ್."

ಅವನಿಗೆ ಎರಡು ವರ್ಷದ ಬದಲು ಒಂದೇ ವರ್ಷ ಕೊಟ್ಟರು. ನನಗೆ ಪೂರ್ತಿ ಎರಡು. ಆ ಒಂದು ವರ್ಷ ಅವನು ಎಂದಿನಂತೆ ಓದಿದ, ಎಂದಿನಂತೆ ಚುಕ್ಕೆ ಎಂದ, ಆ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎರಡನೆಯ ವರ್ಷ ಎದುರಿಗೆ ಒಬ್ಬ ಚುರುಕಿನ ಹುಡುಗಿ ಬಂದು ಕೂತಳು. ಅವಳು ಓದಿದ ವೇಗಕ್ಕೆ ನನ್ನ ಪೆನ್ನು ಓಡಲಿಲ್ಲ. ಅವನ ಒಂದು ವರ್ಷ ನಾನು ತಿಂದುಹಾಕಿದೆ ಎಂಬುದು ಎದೆಯಲ್ಲಿ ಕಲ್ಲಾಗಿ ಕೂತಿತು.

ಹೋದ ವಾರ ಧೈರ್ಯ ಮಾಡಿ ಅವನ ಮನೆಗೆ ಹೋದೆ. ಹೇಳದೆ ಇನ್ನು ಇರಲಾರೆ ಎನಿಸಿತ್ತು. ಅವನ ಹೆಂಡತಿ ಕುರ್ಚಿ ಎಳೆದು ಕೊಟ್ಟರು. "ಅತ್ತಿಗೆ, ಆ ಡಿಟ್ಟೊ ಹಾಕಿದ್ದು ಅವನಲ್ಲ, ನಾನು. ಅವನ ಒಂದು ವರ್ಷದ ಕೆಲಸ ಹೋಗಿದ್ದು ನನ್ನಿಂದ" ಎಂದೆ.

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

"ಅವತ್ತೇ ಬಂದು ಹೇಳಿದ್ರು. ಅವರಿಗೆ ಅರವತ್ತಕ್ಕೇ ಸಾಕಾಗಿತ್ತು. ನೀವು ಒಂಟಿ ಆಗ್ತೀರಿ ಅಂತ ಪತ್ರ ತಂದಿದ್ದು, ಬೇಡ ಅನ್ನೋಕೆ ನೆಪ ಸಿಗದೆ ಒದ್ದಾಡ್ತಿದ್ರು. ನಿಮ್ಮ ಡಿಟ್ಟೊನೇ ನೆಪ ಆಯ್ತು. ಸ್ನೇಹಕ್ಕೆ ಒಂದು ವರ್ಷ ಕೂತ್ಕೋತೀನಿ ಕಣೇ, ಅವನು ಎದುರಿಗೆ ಕೂತು ಅಗಿಯೋದನ್ನ ಎರಡು ವರ್ಷ ನೋಡೋಕೆ ನನ್ನಿಂದ ಆಗಲ್ಲ ಅಂದ್ರು."