ನನ್ನ ದವಡೆ ಮತ್ತು ಊರವರ ಫೋಟೋ

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಬೆನ್ನಿನ ಮಾತು ಬಿಡಿ, ಫೋಟೋ ಸ್ಟುಡಿಯೋ ಇಟ್ಟವನಿಗೆ ತನ್ನ ಮುಖವಾದರೂ ಗೊತ್ತಿರಬೇಕಲ್ಲ! ಇಪ್ಪತ್ತೆಂಟು ವರ್ಷಗಳಿಂದ ಕೊಳ್ಳೇಗಾಲದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಿದ್ದೇನೆ. ಶಾಗ್ಯದವರಿರಲಿ, ಮಾಂಬಳ್ಳಿಯವರಿರಲಿ, ಯಾರ ಮುಖ ಎಷ್ಟು ಓರೆ ಎಂದು ಕಣ್ಣಳತೆಯಲ್ಲೇ ಹೇಳಬಲ್ಲೆ. ನನ್ನ ಸ್ಟುಡಿಯೋದಿಂದ ಓರೆ ಮುಖ ಹೊರಗೆ ಹೋಗುವುದಿಲ್ಲ ಎಂಬ ಹೆಸರಿನ ಮೇಲೆಯೇ ಅಂಗಡಿ ನಿಂತಿರುವುದು.

ಹೋದ ತಿಂಗಳು ಬಾಯಿ ತೆರೆದಾಗಲೆಲ್ಲ ದವಡೆ ಕಟಕ್ ಎನ್ನತೊಡಗಿತು. ಇಲ್ಲಿಯ ಹಲ್ಲಿನ ಡಾಕ್ಟರು ಮೈಸೂರಿನ ಒಂದು ಆಸ್ಪತ್ರೆಗೆ ಕಳಿಸಿದರು. ಅಲ್ಲೊಂದು ಯಂತ್ರ ನನ್ನ ತಲೆಗೆ ಪ್ರದಕ್ಷಿಣೆ ಬಂತು. ಪರದೆಯ ಮೇಲೆ ಮೂಡಿದ ನನ್ನ ಬುರುಡೆಯನ್ನು ಡಾಕ್ಟರಮ್ಮ ತೆಂಗಿನಕಾಯಿಯಂತೆ ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿ, "ನಿಮ್ಮ ದವಡೆ ಎಡಕ್ಕೆ ವಾಲಿದೆ. ವಯಸ್ಕರ ದವಡೆ ಬಗ್ಗೆ ಅಧ್ಯಯನ ಮಾಡ್ತಿದೀವಿ, ನಿಮ್ಮದನ್ನೂ ಸೇರಿಸ್ಕೊಳ್ಳೋಣವಾ? ಯಾವ ಕಡೆ ಹೆಚ್ಚು ಅಗೀತೀರಿ?" ಎಂದರು.

"ಎರಡೊತ್ತೂ ಮುದ್ದೆ ಮೇಡಂ. ಅಗಿಯೋದೆಲ್ಲಿ ಬಂತು, ನುಂಗೋದೇಯ" ಎಂದೆ. ಅಧ್ಯಯನಕ್ಕೆ ಒಪ್ಪಿದೆನಾದರೂ, ವಾಲಿರುವುದು ಯಂತ್ರವೇ ಇರಬಹುದು ಎಂದು ಸೂಚಿಸಿದೆ. ಆಕೆ ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆ ಗೋಳು ಹೇಳಿಕೊಂಡೆ. ಅವಳು ಮುಳ್ಳೂರಿನವಳು, ಮಾತಿಗೆ ಸಕ್ಕರೆ ಬೆರೆಸುವ ಅಭ್ಯಾಸವಿಲ್ಲ.

"ಅದ್ರಲ್ಲೇನು ಒಸದು? ಮದ್ವೆ ದಿನದಿಂದ್ಲೂ ನೋಡ್ತಾವ್ನಿ. ಗಿರಾಕಿಗಳ್ಗೆಲ್ಲ 'ನನ್ನಂಗೆ ಕೂತ್ಕಳಿ' ಅಂತ ತೋರುಸ್ತೀರಲ್ಲ, ಅವ್ರೂ ನಿಮ್ಮನ್ನೇ ನೋಡ್ಕಂಡು ಗದ್ದ ಎಡಕ್ಕೆ ತಿರುಗುಸ್ಕಂಡು ಕೂತ್ಕತಾರೆ ಕಣ್ರಿ!"

ಅಂಗಡಿಗೆ ಓಡಿ, ಗೋಡೆಯ ಮೇಲಿನ ಮಾದರಿ ಫೋಟೋಗಳಿಗೆ ಸ್ಕೇಲು ಹಿಡಿದೆ. ಹನೂರಿನ ಮೇಷ್ಟರು, ರೇಷ್ಮೆ ವ್ಯಾಪಾರಿ, ಮದುವಣಗಿತ್ತಿ, ಎಲ್ಲರೂ ಎಡಕ್ಕೇ! ಪಾಪ, ಅವರ ದವಡೆಗಳಿಗೆ ಏನೂ ಆಗಿರಲಿಲ್ಲ. ನಾಚಿಕೆಯಿಂದ ಸ್ವಲ್ಪ ಹೊತ್ತು ಷಟರ್ ಅರ್ಧ ಎಳೆದು ಕುಳಿತೆ. ಸಂಜೆಯ ಹೊತ್ತಿಗೆ ಧೈರ್ಯ ಮರಳಿತು. ಇಷ್ಟು ವರ್ಷ ಒಬ್ಬರೂ ಫೋಟೋ ವಾಪಸ್ ತಂದಿಲ್ಲ. ಇನ್ನು ಮುಂದೆಯೂ ಊರಿಗೆ ಗೊತ್ತಾಗದಿದ್ದರೆ ಸಾಕು.

ಮರುದಿನವೇ ಡಾಕ್ಟರಮ್ಮನ ಫೋನು ಬಂತು. "ಅಧ್ಯಯನಕ್ಕೆ ನಿಮ್ಮ ಮುಖದ ಒಂದು ಫೋಟೋ ಬೇಕು. ಕ್ಯಾಮೆರಾಗೆ ನೇರವಾಗಿ ಕೂರಿಸಿ ತೆಗೆಯೋ ಒಳ್ಳೆ ಸ್ಟುಡಿಯೋದಲ್ಲಿ ತೆಗೆಸಿ."

ನನ್ನ ಸ್ಟುಡಿಯೋದ ಮೇಲೆ ನನಗೇ ಭರವಸೆ ಇರಲಿಲ್ಲ. ಊರಿನ ಬೇರೆ ಸ್ಟುಡಿಯೋಗೆ ಹೋದರೆ ಮಾನ ಉಳಿಯುವುದಿಲ್ಲ. ಬಸ್ಸು ಹತ್ತಿ ಯಳಂದೂರಿಗೆ ಹೋಗಿ, ನನ್ನ ಗುರುತಿಲ್ಲದ ಒಂದು ಸ್ಟುಡಿಯೋ ಹೊಕ್ಕೆ. ಅಲ್ಲಿಯವನು ದೀಪ ಸರಿಮಾಡುತ್ತ ಊರು ಕೇಳಿದ. ಹೇಳಿದೆ.

"ಕೊಳ್ಳೇಗಾಲ್ದಲ್ಲಿ ಅಷ್ಟೊಂದು ಸ್ಟುಡಿಯೋ ಇಟ್ಕಂಡು ಇಲ್ಲೀಗಂಟ ಬಂದಿದ್ದೀರಲ್ಲ ಸಾ?" ಎಂದ.

"ಅಲ್ಲಿ ಒಬ್ನಿಗೂ ನೆಟ್ಟಗೆ ಫೋಟೋ ತೆಗ್ಯಕೆ ಬರಕಿಲ್ಲ ಕಣಪ್ಪ" ಎಂದುಬಿಟ್ಟೆ.